ಎತ್ತಿಲ್ಲದ ದಂಡು

ಕಳೆದ ಭಾನುವಾರ ಮಧ್ಯಾಹ್ನ ನಮ್ಮ ಪಡಸಾಲೆಯ ಮೇಜಿನ ಮೇಲೆ ಶ್ರೀರಂಗಪಟ್ಟಣ ಬಿತ್ತು. ನಾನು ಕಾಫಿ ತಟ್ಟೆ ಹಿಡಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಥರ್ಮೋಕೋಲ್ ಕೋಟೆಯ ಒಂದು ಮೂಲೆ ಒಡೆದಿತ್ತು. ಹೆಬ್ಬೆರಳ ಗೆಣ್ಣಿನಷ್ಟು ಎತ್ತರದ ಕೆಂಪಂಗಿ ಸಿಪಾಯಿಗಳು ಗೋಡೆಯ ಮೇಲೆ ಸಾಲಾಗಿ ನಿಂತಿದ್ದರು. ನನ್ನ ತಂಗಿಯ ಮಗ ದಾಳ ಎತ್ತಿ ಹಿಡಿದು ಗೆದ್ದೆ ಗೆದ್ದೆ ಎಂದು ಕೂಗುತ್ತಿದ್ದ. ಅವನ ಗೆಳೆಯರು ನನ್ನ ಕೈಗೆ ನಾಲ್ಕು ಪುಟದ ಒಂದು ಪತ್ರಿಕೆ ಕೊಟ್ಟು, ‘ದೊಡ್ಡಮ್ಮ, ಇದು ನಮ್ಮ ಯುದ್ಧದಾಟದ ಪತ್ರಿಕೆ, ಓದಿ ಹೇಳಿ’ ಅಂದರು. ಓದಿದೆ. ಹೇಳಬೇಕಾದ್ದು ಬೇಕಾದಷ್ಟಿತ್ತು. ಕಾಫಿ ಆರಿಹೋಗುತ್ತದೆಂದು ಅವತ್ತು ಸುಮ್ಮನಾದೆ. ಈಗ ಕೂತು ಬರೆಯುತ್ತಿದ್ದೇನೆ. ನಮ್ಮ ಕ್ಯಾತನಹಳ್ಳಿಯ ಹುಡುಗರಿಗಷ್ಟೇ ಅಲ್ಲ, ಇಂಥ ಹವ್ಯಾಸ ಹಚ್ಚಿಕೊಂಡ ನಿಮಗೆಲ್ಲರಿಗೂ.

ಆಟ ಬಿಟ್ಟು ಓದಿಕೊಳ್ಳಿ ಅನ್ನುವವಳು ನಾನಲ್ಲ, ಹೆದರಬೇಡಿ. ನವರಾತ್ರಿಗೆ ಬೊಂಬೆ ಕೂರಿಸುವ ಮನೆಗಳಲ್ಲಿ ಪಟ್ಟದ ಬೊಂಬೆಯ ಕೆಳಗಿನ ಮೆಟ್ಟಿಲಲ್ಲಿ ಸಿಪಾಯಿಗಳ ಸಾಲು, ಆನೆ, ಕುದುರೆ, ಅಂಬಾರಿ ಇಟ್ಟೇ ಇಡುತ್ತಾರೆ. ದಂಡನ್ನು ಅಂಗೈಯಗಲಕ್ಕೆ ಇಳಿಸಿ ನೋಡುವುದು ನಮಗೆ ಹೊಸದಲ್ಲ. ಹಳೆಯ ಗುಡಿಗಳ ಹಾಸುಗಲ್ಲಿನ ಮೇಲೆ ಆಡು ಹುಲಿ ಆಟದ ಮನೆ ಕೆತ್ತಿರುವುದನ್ನು ನೀವೂ ನೋಡಿದ್ದೀರಿ. ಮೂರು ಹುಲಿ, ಹದಿನೈದು ಆಡು. ಒಂದು ಕಡೆ ಬಲ, ಇನ್ನೊಂದು ಕಡೆ ಸಂಖ್ಯೆ. ಸಮಬಲವಿಲ್ಲದ ಎರಡು ದಂಡು ಹೇಗೆ ಸೆಣಸುತ್ತವೆ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ಬೇಕೆ?

ಹೊರಗಿನವರ ಕಥೆಯೂ ಗೊತ್ತಿರಲಿ. ಪ್ರಷ್ಯಾದ ಸೇನೆ 1824ರ ಹೊತ್ತಿಗೇ ತನ್ನ ಅಧಿಕಾರಿಗಳಿಗೆ ನಕ್ಷೆಯ ಮೇಲೆ ಯುದ್ಧದಾಟ ಆಡಿಸಿ ಬುದ್ಧಿ ಕಲಿಸುತ್ತಿತ್ತು. ಆ ಆಟದಲ್ಲಿ ಯಾವ ಪಕ್ಷಕ್ಕೂ ಸೇರದ ಒಬ್ಬ ತೀರ್ಪುಗಾರ ಇರುತ್ತಿದ್ದ. ಇಂಗ್ಲೆಂಡಿನ ಲೇಖಕ ಎಚ್.ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕ ಬರೆದು ಮನೆಯ ನೆಲದ ಮೇಲೆ ಸೀಸದ ಸಿಪಾಯಿಗಳನ್ನು ಆಡಿಸುವ ನಿಯಮ ಕೊಟ್ಟ. ಆಟದ ಯುದ್ಧ ಆಡಿದವನಿಗೆ ನಿಜವಾದ ಯುದ್ಧ ಎಂಥ ಅವಿವೇಕ ಅನ್ನುವುದು ತಿಳಿಯುತ್ತದೆ ಎಂಬುದೇ ಅವನ ಕೊನೆಯ ಮಾತು. ಮರುವರ್ಷವೇ ಮೊದಲ ಮಹಾಯುದ್ಧ ಬಂತು. ಅವನ ಮಾತು ಕೇಳುವವರಿರಲಿಲ್ಲ.

ನಿಮ್ಮಂತೆ ಪತ್ರಿಕೆ ಮಾಡಿದವರೂ ಇದ್ದರು. ಅಮೆರಿಕದಲ್ಲಿ ಜ್ಯಾಕ್ ಸ್ಕ್ರೂಬಿ 1957ರಲ್ಲಿ ‘ವಾರ್ ಗೇಮ್ ಡೈಜೆಸ್ಟ್’ ಶುರುಮಾಡಿದ. ಇಂಗ್ಲೆಂಡಿನಲ್ಲಿ ಡೊನಾಲ್ಡ್ ಫೆದರ್‌ಸ್ಟೋನ್ 1962ರಿಂದ 1980ರವರೆಗೆ ‘ವಾರ್‌ಗೇಮರ್ಸ್ ನ್ಯೂಸ್‌ಲೆಟರ್’ ನಡೆಸಿದ. ಆತ ಎರಡನೇ ಮಹಾಯುದ್ಧದಲ್ಲಿ ಟ್ಯಾಂಕ್ ಪಡೆಯಲ್ಲಿದ್ದವನು, ಆಮೇಲೆ ಹೊಟ್ಟೆಪಾಡಿಗೆ ಫಿಸಿಯೋಥೆರಪಿ ಮಾಡುತ್ತಿದ್ದವನು. ಹಗಲು ಜನರ ಸೊಂಟನೋವು ನೋಡಿಕೊಂಡು, ಉಳಿದ ಹೊತ್ತಿನಲ್ಲಿ ಹದಿನೆಂಟು ವರ್ಷ ಪತ್ರಿಕೆ ಹೊರಡಿಸಿದ ಮನುಷ್ಯ. ನೀವು ಎರಡನೇ ಸಂಚಿಕೆಗೇ ಪರೀಕ್ಷೆ ಬಂತು ಅನ್ನುತ್ತೀರಿ.

ಸರಿ, ಬೈಗುಳ ಆಮೇಲೆ. ಮೊದಲು ಮೇಜಿನ ಮಾತು.

ನೀವು ಬಣ್ಣ ಬಳಿದ ಕಾವೇರಿ ನೋಡಿ ನನಗೆ ನಗು ಬಂತು. ದಡದಿಂದ ದಡಕ್ಕೆ ತುಂಬಿ ತುಳುಕುವ ನೀಲಿ! ಕೋಟೆ ಬಿದ್ದದ್ದು 1799ರ ಮೇ 4ರಂದು, ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ. ಮೇ ತಿಂಗಳ ಮೊದಲ ವಾರದಲ್ಲಿ, ಮುಂಗಾರಿಗೆ ಮುಂಚೆ, ಹೊಳೆಯಲ್ಲಿ ಎಷ್ಟು ನೀರಿರುತ್ತದೆ ಅಂತ ನಿಮ್ಮ ಅಜ್ಜಿಯನ್ನು ಕೇಳಿದ್ದರೆ ಸಾಕಿತ್ತು. ಬಂಡೆ, ಮರಳು, ನಡುನಡುವೆ ನೀರಿನ ಮಡು. ಆ ಬಂಡೆಗಳ ಮೇಲೆ ಎಡವಿಕೊಂಡು, ಅಲ್ಲಲ್ಲಿ ನೀರು ಹಾಯ್ದುಕೊಂಡು ಇಂಗ್ಲಿಷರು ದಾಟಿದ್ದು. ಮಳೆ ಹಿಡಿದು ಹೊಳೆ ಏರಿದರೆ ದಾಟಲಾಗದು ಎಂಬ ಭಯವೇ ಅವರನ್ನು ಆತುರಪಡಿಸಿದ್ದು. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಆದ್ದರಿಂದ ಇವತ್ತು ಗೇಟು ತೆಗೆದಾಗ ಕಾಣುವ ಹೊಳೆಯನ್ನು ತಂದು 1799ರ ಮೇಜಿನ ಮೇಲೆ ಹರಿಸಬೇಡಿ. ನೀಲಿಯನ್ನು ಒರೆಸಿ, ಬೂದು ಬಣ್ಣದ ಕಲ್ಲು ಹರಡಿ.

ಇದಕ್ಕೇ ನಾನು ಹೇಳುವುದು, ಬಣ್ಣದ ಡಬ್ಬಿ ತೆರೆಯುವ ಮುಂಚೆ ನೆಲ ನೋಡಿ ಬನ್ನಿ ಅಂತ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಬೇರೆ ದೇಶದ ಹವ್ಯಾಸಿಗಳು ಸಾವಿರಾರು ಮೈಲಿ ದೂರದಲ್ಲಿ ಕೂತು ನಕ್ಷೆಯ ಮೇಲೆ ಬೆರಳಾಡಿಸಿ ಊಹಿಸಬೇಕಾದ ಜಾಗ ನಿಮಗೆ ಬಸ್ಸಿನ ದಾರಿ. ಪಾಂಡವಪುರದ ಹಳೆಯ ಹೆಸರು ಹಿರೋಡೆ. ಹೈದರ್, ಟಿಪ್ಪು ಸೇವೆಯಲ್ಲಿದ್ದ ಫ್ರೆಂಚರು ಬೀಡುಬಿಟ್ಟಿದ್ದರಿಂದ ಅದಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರೂ ಅಂಟಿಕೊಂಡಿತ್ತು. 1792ರ ಫೆಬ್ರವರಿಯಲ್ಲಿ ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸನ ಪಾಳೆಯ ಬಿದ್ದದ್ದೂ ಆ ಬಂಡೆಗಳ ಕಡೆಯೇ. ನೀವು ದಿನಾ ಕಾಲೇಜಿಗೆ ಹೋಗುವ ದಾರಿಯಲ್ಲಿ ದಂಡು ಮಲಗಿತ್ತು. ಅದನ್ನು ಬಿಟ್ಟು ವಾಟರ್ಲೂ ವಾಟರ್ಲೂ ಅಂತ ಕುಣಿಯುತ್ತೀರಿ.

ಶ್ರೀರಂಗಪಟ್ಟಣಕ್ಕೆ ಹೋದಾಗ ಒಂದು ನೋಟ್‌ಬುಕ್ ಇರಲಿ. ಕೋಟೆ ಒಡೆದ ಕಡೆ 1907ರಲ್ಲಿ ಮೈಸೂರು ಸರ್ಕಾರ ನಿಲ್ಲಿಸಿದ ಕಲ್ಲಿನ ಸ್ತಂಭವಿದೆ. ಅಲ್ಲಿ ನಿಂತು ಆಚೆ ದಡ ಎಷ್ಟು ದೂರ ಅಂತ ಕಣ್ಣಳತೆ ಮಾಡಿ. ಕೋಟೆಯ ಯಾವ ಭಾಗಕ್ಕೆ ಹೊಳೆಯೇ ಕಂದಕ, ಯಾವ ಭಾಗಕ್ಕೆ ತೋಡಿದ ಕಂದಕ ಅಂತ ಗುರುತು ಹಾಕಿಕೊಳ್ಳಿ. ಆದರೆ ಕಂಡದ್ದೆಲ್ಲ ಆಗಿನದೇ ಅಂದುಕೊಳ್ಳಬೇಡಿ. ರೈಲು ದಾರಿ ಆಗ ಇರಲಿಲ್ಲ. ನಿಲ್ದಾಣದ ಬಳಿಯ ಟಿಪ್ಪು ಕಾಲದ ಶಸ್ತ್ರಾಗಾರ ಈಗಿರುವ ಜಾಗ ಅದರ ಮೂಲ ಜಾಗವಲ್ಲ. ಜೋಡಿ ಹಳಿ ಹಾಕುವುದಕ್ಕೆ ಅಡ್ಡ ಬಂತೆಂದು 2017ರಲ್ಲಿ ಇಡೀ ಕಟ್ಟಡವನ್ನು ಎತ್ತಿ ಸುಮಾರು ನೂರು ಮೀಟರ್ ಆಚೆ ಇಟ್ಟರು. ನಿಮ್ಮ ನಕ್ಷೆಯಲ್ಲಿ ಅದು ಇವತ್ತಿನ ಜಾಗದಲ್ಲೇ ಇತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಮಕ್ಕಳೆ.

ಇನ್ನು ಅಳತೆ. ಇಡೀ ದ್ವೀಪವನ್ನು ಮೇಜಿನ ಮೇಲೆ ಇಡಲು ಹೋಗಿ ಕೋಟೆಯನ್ನು ಬೆಂಕಿಪೊಟ್ಟಣದಷ್ಟು ಮಾಡಿದ್ದೀರಿ. ಹಾಸಿಗೆ ಇದ್ದಷ್ಟು ಕಾಲು ಚಾಚಿ. ದ್ವೀಪದ ಉದ್ದ ಸುಮಾರು ಐದು ಕಿಲೋಮೀಟರ್. ಒಂದು ಅಂಗುಲಕ್ಕೆ ಇಪ್ಪತ್ತೈದು ಮೀಟರ್ ಅಂತ ಹಿಡಿದರೂ ಇನ್ನೂರು ಅಂಗುಲ, ಅಂದರೆ ಹದಿನಾರು ಅಡಿಗೂ ಮೇಲಾಯಿತು. ನಮ್ಮ ಮೇಜು ಆರು ಅಡಿ. ಅದಕ್ಕೇ ಮೂಲೆ ಹಿಡಿಯಿರಿ. ವಾಯವ್ಯದ ಬತೇರಿ, ಗೋಡೆ ಒಡೆದ ಜಾಗ, ಅದರೆದುರಿನ ಹೊಳೆ, ಆಚೆ ದಡದ ಮೋರ್ಚೆ, ಇಷ್ಟು ಸಾಕು. ಅಲ್ಲಿ ಹೊಳೆಯ ಅಗಲ ಸುಮಾರು 280 ಗಜ. ಅಂಗುಲಕ್ಕೆ ಹತ್ತು ಗಜ ಅಂದರೆ ಮೇಜಿನ ಮೇಲೆ ಎರಡೂ ಕಾಲು ಅಡಿಗಿಂತ ತುಸು ಹೆಚ್ಚು, ಲಕ್ಷಣವಾಗಿ ಕೂರುತ್ತದೆ. ಇಂಗ್ಲಿಷರ ದಾಳಿಯ ಮುಂದಾಳು ಬೇರ್ಡ್‌ನ ಜೊತೆ ನುಗ್ಗಿದವರು ನಾಲ್ಕು ಸಾವಿರದ ಮುನ್ನೂರಕ್ಕೂ ಹೆಚ್ಚು. ಒಂದು ಗೊಂಬೆಗೆ ಇಪ್ಪತ್ತು ಜನರ ಲೆಕ್ಕ ಹಾಕಿದರೆ ಇನ್ನೂರಿಪ್ಪತ್ತು ಗೊಂಬೆ ಬೇಕು. ಒಂದಕ್ಕೆ ಐವತ್ತು ಅಂದರೆ ತೊಂಬತ್ತರೊಳಗೆ ಮುಗಿಯುತ್ತದೆ. ಯಾವುದನ್ನಾದರೂ ಆರಿಸಿ, ಆದರೆ ಎರಡೂ ಕಡೆಗೆ ಒಂದೇ ಲೆಕ್ಕ ಇರಲಿ. ನಿಮ್ಮ ಮೇಜಿನಲ್ಲಿ ಇಂಗ್ಲಿಷರದು ಒಂದಕ್ಕೆ ಇಪ್ಪತ್ತು, ಮೈಸೂರಿನದು ಕೈಗೆ ಸಿಕ್ಕಷ್ಟು. ತಕ್ಕಡಿಯ ಎರಡು ತಟ್ಟೆಗೆ ಎರಡು ಬಟ್ಟು ಇಟ್ಟು ತೂಗಿದರೆ ಸಂತೆಯಲ್ಲಿ ನಿಮ್ಮನ್ನು ಬಿಡುತ್ತಾರೆಯೆ?

ಈಗ ನನಗೆ ನಿಜಕ್ಕೂ ಬೇಜಾರಾದ ವಿಷಯಕ್ಕೆ ಬರುತ್ತೇನೆ. ಮೇಜಿನ ಮೇಲೆ ಕೆಂಪಂಗಿಯವರಿದ್ದರು, ಹುಲಿಪಟ್ಟೆಯವರಿದ್ದರು, ಕುದುರೆಯವರಿದ್ದರು, ಫಿರಂಗಿಗಳಿದ್ದವು. ಒಂದೇ ಒಂದು ಎತ್ತು ಇರಲಿಲ್ಲ. ರೈತರ ಮಕ್ಕಳು ನೀವು! ಆ ಫಿರಂಗಿ ತಾನಾಗಿ ನಡೆದು ಬಂತೆ? ಆ ಸಿಪಾಯಿ ಗಾಳಿ ಕುಡಿದು ಹೊಡೆದಾಡಿದನೆ? ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಗಾದೆಗೆ ನಿಮ್ಮ ದಂಡೇ ಸಾಕ್ಷಿ. ಒಬ್ಬೊಬ್ಬನ ಟೋಪಿಯ ತುರಾಯಿಗೆ ಮೂರು ಬಣ್ಣ, ದವಸದ ಚೀಲ ಒಂದೂ ಇಲ್ಲ.

ನಮ್ಮ ಸೀಮೆಯ ಯುದ್ಧಗಳನ್ನು ತೀರ್ಮಾನಿಸಿದ್ದು ಮುಕ್ಕಾಲು ಪಾಲು ಮೇವು, ದವಸ, ಎತ್ತು. 1791ರ ಮೇ ತಿಂಗಳು ನೋಡಿ. ಕಾರ್ನ್‌ವಾಲಿಸ್ ಬೆಂಗಳೂರು ಹಿಡಿದು, ಅರಕೆರೆಯ ತನಕ ಬಂದು, 15ರಂದು ಟಿಪ್ಪುವಿನ ಸೇನೆಯನ್ನು ಹಿಮ್ಮೆಟ್ಟಿಸಿದ. ಶ್ರೀರಂಗಪಟ್ಟಣದ ಕೋಟೆ ಕಣ್ಣಿಗೆ ಕಾಣುತ್ತಿತ್ತು. ಆದರೆ ಟಿಪ್ಪು ಸುತ್ತಲ ಸೀಮೆಯಲ್ಲಿ ಹುಲ್ಲು ದವಸ ಉಳಿಸಿರಲಿಲ್ಲ. ಎತ್ತುಗಳು ಸತ್ತವು, ಮಳೆ ಹಿಡಿಯಿತು, ಊಟಕ್ಕೆ ತತ್ವಾರವಾಯಿತು. ಗೆದ್ದ ಆ ಸೇನಾಪತಿ ತನ್ನ ದೊಡ್ಡ ತೋಪುಗಳನ್ನು ಕನ್ನಂಬಾಡಿಯ ಹತ್ತಿರ ತಾನೇ ಒಡೆದುಹಾಕಿ ಹಿಂದಕ್ಕೆ ಹೊರಟ. ಆ ಹಳೆಯ ಕನ್ನಂಬಾಡಿ ಊರು ಈಗ ಕಟ್ಟೆಯ ನೀರಿನಡಿ ಇದೆ. ಕಾಳಗದಲ್ಲಿ ಗೆದ್ದು ದಂಡಯಾತ್ರೆಯಲ್ಲಿ ಸೋಲುವುದು ಅಂದರೆ ಇದು. ನಿಮ್ಮ ಆಟದ ನಿಯಮದಲ್ಲಿ ಇದಕ್ಕೆ ಜಾಗವಿದೆಯೆ? ದಾಳದಲ್ಲಿ ಆರು ಬಿದ್ದರೆ ಗೆದ್ದ, ಒಂದು ಬಿದ್ದರೆ ಸತ್ತ, ಅಷ್ಟೇ ತಾನೆ?

1799ರಲ್ಲಿ ಇಂಗ್ಲಿಷರ ಜನರಲ್ ಹ್ಯಾರಿಸ್ ಆ ಪಾಠ ಮರೆತಿರಲಿಲ್ಲ. ಮಾರ್ಚ್ 27ರಂದು ಮಳವಳ್ಳಿಯ ಕಾಳಗ ಮುಗಿಸಿದ ಮೇಲೆ, ಹಳೆಯ ದಾರಿಯಲ್ಲಿ ಮೇವು ಸುಟ್ಟಿದ್ದಾರೆಂದು ತಿಳಿದು ದಾರಿ ಬದಲಿಸಿ, ಸೋಸಲೆಯ ಹತ್ತಿರ ಕಾವೇರಿ ದಾಟಿದ. ಆ ಕಡೆ ಹುಲ್ಲು ಸಿಕ್ಕಿತು. ಅಷ್ಟಾದರೂ ಏಪ್ರಿಲ್ ನಡುವಿನಲ್ಲಿ ಅಕ್ಕಿ ಚೀಲಗಳನ್ನು ಅಳೆಸಿ ನೋಡಿದಾಗ ಎದೆ ಧಸಕ್ಕೆಂದಿತು. ಕಳ್ಳತನದಿಂದಲೋ ಸೋರಿಕೆಯಿಂದಲೋ ಚೀಲಗಳು ಬರಿದಾಗಿದ್ದವು. ಅರ್ಧ ಪಡಿ ಕೊಟ್ಟರೂ ಹೊಡೆದಾಡುವವರಿಗೆ ಹದಿನೆಂಟು ದಿನಕ್ಕಾಗುವಷ್ಟೇ ಅಕ್ಕಿ ಉಳಿದಿತ್ತು. ನೀವೇ ಲೆಕ್ಕ ಹಾಕಿ, ಮೇ 4 ಎಷ್ಟನೇ ದಿನಕ್ಕೆ ಬರುತ್ತದೆ ಅಂತ. ಮನೆಯಲ್ಲಿ ಹಗೇವಿನ ರಾಗಿ ಕೋಲಿಟ್ಟು ಅಳೆದು ನೋಡುತ್ತಿದ್ದ ಹೆಂಗಸರಿಗೆ ಈ ಕಥೆ ತಟ್ಟನೆ ಅರ್ಥವಾಗುತ್ತದೆ. ನಿಮಗೆ ತುರಾಯಿಯ ಬಣ್ಣ ಮಾತ್ರ ಅರ್ಥವಾಗುತ್ತದೆ.

ಆದ್ದರಿಂದ ಹೀಗೆ ಮಾಡಿ. ಇಂಗ್ಲಿಷರ ಕಡೆ ಆಡುವವನ ಮುಂದೆ ಹದಿನೆಂಟು ಹುಣಸೆ ಬೀಜ ಇಡಿ. ಆಟದಲ್ಲಿ ಒಂದು ದಿನ ಕಳೆದರೆ ಒಂದು ಬೀಜ ತೆಗೆಯಿರಿ. ಬೀಜ ಮುಗಿಯುವುದರೊಳಗೆ ಗೋಡೆ ಒಡೆಯದಿದ್ದರೆ ಗಂಟು ಮೂಟೆ ಕಟ್ಟಲಿ. ಮೈಸೂರಿನ ಕಡೆ ಆಡುವವನು ಮೋಡ ಕಾಯಲಿ, ಅವರ ಬೀಜ ಉದುರಿಸಲಿ. ಆಗ ನೋಡಿ ಆಟ ಹೇಗೆ ಬಿಗಿಯಾಗುತ್ತದೆ. ಇಬ್ಬರಿಗೂ ಹೊತ್ತಿನ ಬೆಲೆ ತಿಳಿಯುತ್ತದೆ, ಬರೀ ದಾಳದ ಕಾಟ ತಪ್ಪುತ್ತದೆ.

ಎತ್ತಿನ ಗೊಂಬೆ ಎಲ್ಲಿ ಸಿಗುತ್ತದೆ ಅಂತ ಕೇಳಬೇಡಿ. ಕೆರೆಯ ಗೋಡುಮಣ್ಣು ತನ್ನಿ, ಹೊಲಗಳಲ್ಲಿ ಇನ್ನೂ ಹಳ್ಳಿಕಾರ್ ಎತ್ತು ಕಾಣುತ್ತವೆ, ಕೊಂಬು ನೋಡಿ ಮಾಡಿ. ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಮುಂದೆ ಟಿಪ್ಪುವಿನ ಕೈಯಲ್ಲಿ ಅಮೃತ್ ಮಹಲ್ ಆದದ್ದು. ಹಾಲು ಬೆಣ್ಣೆಗೆಂದು ಸಾಕಿದ ದನದ ಹಿಂಡು ತೋಪು ಎಳೆಯುವ ಬಲವಾಯಿತು. ಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಆ ಹಿಂಡನ್ನು ಬಿಡದೆ ತಮ್ಮದಾಗಿಸಿಕೊಂಡರು. ಅವರಿಗೆ ಬೆಲೆ ಗೊತ್ತಿತ್ತು. ಜೊತೆಗೆ ಲಂಬಾಣಿಗಳನ್ನೂ ಮರೆಯಬೇಡಿ. ಹೇರೆತ್ತಿನ ಮೇಲೆ ದವಸ ಹೊತ್ತು ದಂಡಿನಿಂದ ದಂಡಿಗೆ ನಡೆದವರು ಅವರು. ಹತ್ತು ಸಿಪಾಯಿಗಳ ನಡುವೆ ಒಂದು ಹೇರೆತ್ತು, ಅದರ ಪಕ್ಕ ಕನ್ನಡಿ ಹೊಲಿದ ಲಂಗದ ಒಬ್ಬ ಹೆಣ್ಣುಮಗಳು ನಿಂತರೆ ಮೇಜಿಗೇ ಕಳೆ ಬರುತ್ತದೆ. ಸಾಸಿವೆ ಕಾಳಿಗೆ ಕಪ್ಪು ಬಣ್ಣ ಹಚ್ಚಿ ಅಂಟಿಸಿದರೆ ಫಿರಂಗಿ ಗುಂಡಿನ ರಾಶಿಯೂ ಆಯಿತು. ಮೇಲೆ ಒಂದು ಕೈ ವಾರ್ನಿಷ್ ಹೊಡೆಯಿರಿ, ಇಲ್ಲವಾದರೆ ಹುಳ ಬೀಳುತ್ತದೆ.

ಕೈಕೆಲಸದ ಬಗ್ಗೆ ನಾಲ್ಕು ಮಾತು. ಹಳೆಯ ಲೋಹದ ಸಿಪಾಯಿಗಳಲ್ಲಿ ಸೀಸ ಇರುತ್ತದೆ. ಅದನ್ನು ಉಜ್ಜಿದ ಪುಡಿ ಮೂಗಿಗೆ ಹೋಗಬಾರದು, ಮುಟ್ಟಿದ ಕೈಯಲ್ಲಿ ಚಕ್ಕುಲಿ ತಿನ್ನಬಾರದು. ಅಡುಗೆಮನೆಯ ಪಾತ್ರೆಯಲ್ಲಿ ಲೋಹ ಕರಗಿಸುವ ಸಾಹಸವಂತೂ ಬೇಡವೇ ಬೇಡ. ಸ್ಪ್ರೇ ಬಣ್ಣ ಹಿತ್ತಲಲ್ಲಿ ಹೊಡೆಯಿರಿ, ಕಿಟಕಿ ಮುಚ್ಚಿದ ಕೋಣೆಯಲ್ಲಲ್ಲ. ಥರ್ಮೋಕೋಲನ್ನು ಬಿಸಿ ತಂತಿಯಲ್ಲಿ ಕೊಯ್ದರೆ ಬರುವ ಹೊಗೆ ಒಳ್ಳೆಯದಲ್ಲ. ಬ್ಲೇಡಿನ ಅಲಗು ಯಾವಾಗಲೂ ನಿಮ್ಮಿಂದ ಆಚೆಗೆ ಓಡಲಿ. ಮನೆಯಲ್ಲಿ ಅಂಬೆಗಾಲಿಡುವ ಕೂಸಿದ್ದರೆ ಆಟ ಮುಗಿದ ಮೇಲೆ ದಾಳ, ಗೊಂಬೆ ಎಣಿಸಿ ಡಬ್ಬಿಗೆ ಹಾಕಿ. ಕೂಸಿನ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೇ ಹೋಗುವುದು.

ಎಲ್ಲವನ್ನೂ ದುಡ್ಡು ಕೊಟ್ಟು ಹೊರಗಿನಿಂದ ತರಿಸಬೇಕಿಲ್ಲ. ಚನ್ನಪಟ್ಟಣ ಎಷ್ಟು ದೂರ? ಹಾಲೆ ಮರವನ್ನು ಕಡಚಲಿಗೆ ಹಿಡಿದು, ತಿರುಗುವಾಗಲೇ ಅರಗಿನ ಬಣ್ಣ ಒತ್ತಿ, ತಾಳೆಗರಿಯಿಂದ ಹೊಳಪು ಕೊಡುವ ಕಸುಬುದಾರರು ಅಲ್ಲಿದ್ದಾರೆ. ಕೈಕಾಲು ಮುಖ ತಿದ್ದಿದ ಸಿಪಾಯಿ ಅಲ್ಲಿ ಸಿಗದಿರಬಹುದು, ಆದರೆ ದುಂಡಗಿನ ಟೋಪಿಯ ಪುಟ್ಟ ಕಾಲಾಳು, ಗಾಡಿಯ ಚಕ್ರ, ಪೀಪಾಯಿ, ಗೋಪುರ ಇವೆಲ್ಲ ಕಡಚಲಿನಲ್ಲಿ ಸಲೀಸಾಗಿ ಬರುತ್ತವೆ. ಚೌಕಾಸಿ ಮಾಡಿ ಅವರ ಹೊಟ್ಟೆಯ ಮೇಲೆ ಹೊಡೆಯಬೇಡಿ.

ಅಂಗಿಯ ಬಣ್ಣಕ್ಕೆ ದರಿಯಾ ದೌಲತ್ ನೋಡಿ ಬಂದೆವು ಅಂತ ಪತ್ರಿಕೆಯಲ್ಲಿ ಬರೆದಿದ್ದೀರಿ, ಸಂತೋಷ. 1784ರಲ್ಲಿ ಕಟ್ಟಿದ ಆ ಅರಮನೆಯ ಪಡುವಣ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕಾಳಗದ ಚಿತ್ರವಿದೆ. ಗಾಯಗೊಂಡ ಇಂಗ್ಲಿಷ್ ದಳಪತಿ ಬೇಯ್ಲಿ ಪಲ್ಲಕ್ಕಿಯಲ್ಲಿ ಕೂತಿರುವುದು, ಮದ್ದಿನ ಗಾಡಿ ಸಿಡಿಯುವುದು, ಹೈದರ್ ಮತ್ತು ಟಿಪ್ಪು ಆನೆ ಕುದುರೆ ಏರಿ ಬರುವುದು ಎಲ್ಲ ಕಾಣುತ್ತದೆ. ಆದರೆ ಆ ಗೋಡೆಯ ಬಣ್ಣ ಒಂದೇ ಕಾಲದ್ದಲ್ಲ. ಒಮ್ಮೆ ಸುಣ್ಣ ಬಳಿದು ಮುಚ್ಚಿದ್ದರು, ಇಂಗ್ಲಿಷ್ ಅಧಿಕಾರಿ ಆರ್ಥರ್ ವೆಲ್ಲೆಸ್ಲಿಯ ಕಾಲದಲ್ಲಿ ಬಿಡಿಸಿದರು, ಗವರ್ನರ್ ಜನರಲ್ ಡಾಲ್‌ಹೌಸಿ 1855ರಲ್ಲಿ ಮತ್ತೆ ಬರೆಸಿದ. ಹೀಗಾಗಿ ಅದು ಹಿರಿಯಜ್ಜನ ಮಾತಿದ್ದಂತೆ. ಗೌರವದಿಂದ ಕೇಳಿ, ಆದರೆ ಗುಂಡಿಯ ಲೆಕ್ಕಕ್ಕೆ ಅದನ್ನೇ ನಂಬಿ ಕೂರಬೇಡಿ. ‘ಗೋಡೆಯ ಚಿತ್ರದಲ್ಲಿ ಹೀಗಿದೆ’ ಅಂತ ಬರೆಯುವುದು ಬೇರೆ, ‘ಹೀಗೇ ಇತ್ತು’ ಅಂತ ಬರೆಯುವುದು ಬೇರೆ. ಆ ಒಂದು ಪದದ ಅಂತರ ಕಾಯ್ದುಕೊಂಡವನೇ ಒಳ್ಳೆಯ ಬರಹಗಾರ.

ರಾಕೆಟ್ಟಿನ ವಿಷಯವೂ ಹಾಗೆಯೇ. ನಿಮ್ಮ ಆಟದಲ್ಲಿ ಮೈಸೂರಿನ ರಾಕೆಟ್ ಹಾರಿಸಿದರೆ ಸಾಕು, ಎದುರಿನ ಅರ್ಧ ದಂಡು ಮಾಯ. ಕಬ್ಬಿಣದ ಕೊಳವೆಯ ಆ ಬಾಣಗಳಿಂದಲೇ ಇಂಗ್ಲೆಂಡಿನ ಕಾಂಗ್ರೀವ್ ತನ್ನ ರಾಕೆಟ್ಟಿಗೆ ದಾರಿ ಕಂಡುಕೊಂಡದ್ದು ನಿಜ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಪಾಳುಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ಸಿಕ್ಕಿದ್ದೂ ನಿಜ. ಆದರೆ ರಾಕೆಟ್ ಗುರಿಗಿಂತ ಹೆಚ್ಚಾಗಿ ಗಾಬರಿ ಹುಟ್ಟಿಸುವ ಆಯುಧ. ಎತ್ತು ಕುದುರೆ ಬೆದರಬೇಕು, ಸಾಲು ಚದುರಬೇಕು. ಎತ್ತನ್ನೇ ಇಡದ ಮೇಜಿನಲ್ಲಿ ಅದು ಯಾರನ್ನು ಬೆದರಿಸೀತು?

ರಾತ್ರಿ ಕಾಳಗ ಆಡಬೇಕೆಂಬ ಆಸೆ ಇದ್ದರೆ ಸುಲ್ತಾನ್‌ಪೇಟೆಯ ಮರಗಳ ತೋಪನ್ನು ಆರಿಸಿಕೊಳ್ಳಿ. 1799ರ ಏಪ್ರಿಲ್ 5ರ ಕತ್ತಲಲ್ಲಿ ಆರ್ಥರ್ ವೆಲ್ಲೆಸ್ಲಿ ಆ ತೋಟಕ್ಕೆ ನುಗ್ಗಿ, ಕಾಲುವೆ, ಬಿದಿರು, ಮರಗಳ ನಡುವೆ ದಾರಿ ತಪ್ಪಿ, ಮಂಡಿಗೆ ಪೆಟ್ಟು ತಿಂದು ಬರಿಗೈಲಿ ವಾಪಸಾದ. ಮರುದಿನ ಬೆಳಕಿನಲ್ಲಿ ಅದೇ ತೋಪು ಸಲೀಸಾಗಿ ಕೈವಶವಾಯಿತು. ಮುಂದೆ ನೆಪೋಲಿಯನ್ನನನ್ನು ಗೆದ್ದವನು ಈತನೇ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದಕ್ಕೆ ದೊಡ್ಡವರೂ ಹೊರತಲ್ಲ. ಕತ್ತಲಲ್ಲಿ ತೋಟದ ಕಾಲುವೆ ದಾಟಿ ಪಂಪಿನ ಸ್ವಿಚ್ಚು ಹಾಕಲು ಹೋದವರು ನೀವು. ಇಂಥ ಆಟಕ್ಕೆ ನಿಯಮ ಬರೆಯಲು ನಿಮಗಿಂತ ಬಲ್ಲವರು ಯಾರು?

ನೆಲ ನೋಡುವಾಗ ಕೈ ಹದ್ದಿನಲ್ಲಿರಲಿ. ಕೋಟೆ ರಕ್ಷಿತ ಸ್ಮಾರಕ. ಅಲ್ಲಿ ಅಗೆಯುವುದು, ಇಟ್ಟಿಗೆ ಕೀಳುವುದು, ಲೋಹ ಹುಡುಕುವ ಯಂತ್ರ ಒಯ್ಯುವುದು ಕೂಡದು. ಉಳುವಾಗ ಸೀಸದ ಗುಂಡೋ ನಾಣ್ಯವೋ ಸಿಕ್ಕರೆ ಜೇಬಿಗಿಳಿಸಬೇಡಿ, ತಾಲ್ಲೂಕು ಕಚೇರಿಗೆ ತಿಳಿಸಿ. ಗೋಡೆಯ ಮೇಲೆ ಹೆಸರು ಗೀಚುವವರ ಜೊತೆ ಸೇರಬೇಡಿ. ಹೊಳೆಗೆ ಇಳಿದು ‘ಬೇರ್ಡ್ ದಾಟಿದ ಹಾಗೆ ದಾಟುತ್ತೇವೆ’ ಅನ್ನಬೇಡಿ. ಆ ಬಂಡೆಗಳ ನಡುವೆ ಮಡು, ಸುಳಿ ಇವೆ. ಸಾಯುವುದಕ್ಕೆ ಆಟ ನೆಪವಾಗಬಾರದು.

ಇನ್ನು ಆಟದ ನಡತೆ. ಸೋತವನು ಮುಖ ಊದಿಸಿಕೊಂಡು ಹೋದದ್ದನ್ನು ನೋಡಿದೆ. ದಾಳ ಸರಿಯಿಲ್ಲವಂತೆ, ಮೇಜು ಓಲುತ್ತಿತ್ತಂತೆ. ಕುಣಿಯಲಾರದವಳು ನೆಲ ಡೊಂಕು ಎಂದಳು! ಗೆದ್ದವನದೂ ತಪ್ಪಿದೆ, ಅಷ್ಟು ಕೂಗಬಾರದಿತ್ತು. ಪ್ರತಿ ಆಟಕ್ಕೂ ಒಬ್ಬ ತೀರ್ಪುಗಾರನನ್ನು ಕೂರಿಸಿ, ಅವನ ಮಾತೇ ಕೊನೆ ಅನ್ನಿ. ಒಮ್ಮೆ ಆಡಿದ ಮೇಲೆ ಪಕ್ಷ ಬದಲಿಸಿ ಇನ್ನೊಮ್ಮೆ ಆಡಿ. ಸದಾ ಒಂದೇ ಕಡೆ ಕೂರುವವನಿಗೆ ಅರ್ಧ ಯುದ್ಧ ಮಾತ್ರ ಕಾಣುತ್ತದೆ. ಟಿಪ್ಪುವಿನ ಹೆಸರು ಬಂದ ಕೂಡಲೇ ಧ್ವನಿ ಏರಿಸುವವರು ಹೊರಗೆ ಬೇಕಾದಷ್ಟು ಮಂದಿ ಇದ್ದಾರೆ. ನಿಮ್ಮ ಮೇಜಿನ ಸುತ್ತ ಅದು ಬೇಡ. ಎಲ್ಲಿ ತೋಪಿತ್ತು, ಎಷ್ಟು ಜನರಿದ್ದರು, ಯಾರು ಏನು ಬರೆದಿದ್ದಾರೆ ಅನ್ನುವುದನ್ನು ಚರ್ಚಿಸಿ.

ಗೆದ್ದೆತ್ತಿನ ಬಾಲ ಹಿಡಿಯುವ ಚಾಳಿಯನ್ನೂ ಬಿಡಿ. ಎಲ್ಲರಿಗೂ 1799 ಬೇಕು. ನಮ್ಮ ತಾಲ್ಲೂಕಿನ ಚಿನಕುರಳಿಯಲ್ಲಿ 1771ರ ಮಾರ್ಚ್‌ನಲ್ಲಿ ನಡೆದ ಕಾಳಗ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ತ್ರಿಂಬಕರಾಯನ ಮರಾಠಾ ಪಡೆ ಬೆನ್ನು ಬಿದ್ದಿದ್ದಾಗ ಹೈದರ್ ಮೇಲುಕೋಟೆಯಿಂದ ರಾತ್ರೋರಾತ್ರಿ ಪಟ್ಟಣದ ಕಡೆ ಹೊರಟ. ಸುಳಿವು ಸಿಕ್ಕಿತು, ದಾರಿಯಲ್ಲೇ ಅವನ ದಂಡು ಚೆಲ್ಲಾಪಿಲ್ಲಿಯಾಯಿತು. ಹೈದರ್ ಹೇಗೋ ಪಟ್ಟಣ ಸೇರಿ ಬಾಗಿಲು ಹಾಕಿಕೊಂಡ. ಮರಾಠರು ಬಂದು ಸುತ್ತುಗಟ್ಟಿದರೂ ಪಟ್ಟಣ ಬೀಳಲಿಲ್ಲ. ರಾತ್ರಿಯ ನಡಿಗೆ, ತೊಣ್ಣೂರು ಕೆರೆಯ ಸೀಮೆ, ಗುಡ್ಡದಿಂದ ಬಯಲಿಗಿಳಿಯುವ ದಾರಿ, ಬೆನ್ನಟ್ಟುವ ಕುದುರೆ, ಇಷ್ಟು ಒಳ್ಳೆಯ ಆಟ ಮನೆ ಬಾಗಿಲಲ್ಲಿದೆ. ನಮ್ಮವರು ಸೋತದ್ದೆಂದು ಮುಚ್ಚಿಡಬೇಡಿ. ಸೋಲಿನಲ್ಲಿ ಕಲಿಯುವುದು ಹೆಚ್ಚು.

ಕಡೆಗೆ ಪತ್ರಿಕೆಯ ಮಾತು. ನೀವು ಕೊಟ್ಟ ನಾಲ್ಕು ಪುಟದಲ್ಲಿ ತಾರೀಖು ಇರಲಿಲ್ಲ, ಸಂಚಿಕೆಯ ಸಂಖ್ಯೆ ಇರಲಿಲ್ಲ. ಯಾರು ಆಡಿದರು, ಯಾವ ಅಳತೆಯಲ್ಲಿ, ಯಾವ ನಿಯಮದಲ್ಲಿ, ಎಷ್ಟು ಹೊತ್ತು ಅನ್ನುವುದೂ ಇರಲಿಲ್ಲ. ಬರೀ ‘ಘೋರ ಕಾಳಗ’, ‘ರಕ್ತದ ಕೋಡಿ’. ಪ್ರತಿ ಆಟದ ವರದಿಯ ತಲೆಯ ಮೇಲೆ ಇವಿಷ್ಟನ್ನೂ ಎರಡು ಸಾಲಿನಲ್ಲಿ ಹಾಕಿ. ಹತ್ತು ವರ್ಷದ ಮೇಲೆ ಯಾರಾದರೂ ತೆಗೆದು ನೋಡಿದರೆ ಅದೇ ಆಟ ಮತ್ತೆ ಆಡುವಂತಿರಬೇಕು.

ಊರಿನ ಹೆಸರು ಸರಿಯಾಗಿ ಬರೆಯಿರಿ. ‘ಸೆರಿಂಗಪಟಂ’ ಅಂತೆ, ‘ಅರಿಕೇರಾ’ ಅಂತೆ, ‘ಚಿಂಕುರ್ಲಿ’ ಅಂತೆ! ಕನ್ನಡ ಅಕ್ಷರದಲ್ಲೇ ನಮ್ಮೂರುಗಳನ್ನು ಕಂಪನಿಯ ದೊರೆಗಳ ನಾಲಿಗೆಯಲ್ಲಿ ಬರೆದರೆ ಹೇಗೆ? ಓದುವಾಗ ಇಂಗ್ಲಿಷ್ ಪುಸ್ತಕ ಓದಿ, ವಿಲ್ಕ್ಸ್ ಬರೆದ ಮೈಸೂರಿನ ಇತಿಹಾಸ ಓದಿ. ಜೊತೆಗೆ 1784ರಲ್ಲಿ ಕನ್ನಡದಲ್ಲೇ ಬರೆದ ‘ಹೈದರ್‌ನಾಮೆ’ಯನ್ನೂ ಹುಡುಕಿ ಓದಿ. ಎಲ್ಲಿ ಓದಿದಿರೋ ಅದರ ಹೆಸರು ಹಾಕಿ. ನೋಡಿದ್ದು, ಓದಿದ್ದು, ಊಹಿಸಿದ್ದು, ಈ ಮೂರನ್ನು ಬೆರಕೆ ಮಾಡಬೇಡಿ. ಟಿಪ್ಪುವನ್ನು ಕೊಂದವರೆಂದು ದಾಖಲೆಯಲ್ಲಿಲ್ಲದ ಇಬ್ಬರ ಹೆಸರು ಹಿಡಿದು 2023ರಲ್ಲಿ ನಮ್ಮ ಜಿಲ್ಲೆಯಲ್ಲೇ ಎಷ್ಟು ರಂಪವಾಯಿತೆಂದು ನಿಮಗೆ ನೆನಪಿದೆ. ಗೊಂಬೆ ಚಿಕ್ಕದಾದರೆ ಸುಳ್ಳೂ ಚಿಕ್ಕದು ಅಂದುಕೊಳ್ಳಬೇಡಿ.

ತಪ್ಪಾದರೆ ಮುಂದಿನ ಸಂಚಿಕೆಯ ಮೊದಲ ಪುಟದಲ್ಲೇ ತಿದ್ದಿ. ನಾನು ಹೈಸ್ಕೂಲಿನಲ್ಲಿದ್ದಾಗ ಕೈಬರಹದ ಪತ್ರಿಕೆಯೊಂದರಲ್ಲಿ ಪಟ್ಟಣ ಬಿದ್ದ ವರ್ಷವನ್ನು 1779 ಅಂತ ಬರೆದಿದ್ದೆ. ಗೊತ್ತಾದರೂ ನಾಚಿಕೆಯಿಂದ ತಿದ್ದಲಿಲ್ಲ. ಮರುವರ್ಷ ಇನ್ನೊಬ್ಬಳು ನನ್ನದನ್ನೇ ನೋಡಿ ಭಾಷಣದಲ್ಲಿ 1779 ಅಂದಳು, ಎಲ್ಲರೂ ಅವಳನ್ನು ನೋಡಿ ನಕ್ಕರು. ತಪ್ಪು ನನ್ನದು, ನಗೆಪಾಟಲು ಅವಳದು. ಇಷ್ಟು ವರ್ಷವಾದರೂ ಅದು ನನ್ನನ್ನು ಚುಚ್ಚುತ್ತದೆ.

ವರದಿಯನ್ನು ಸೋತವನ ಕೈಲಿ ಬರೆಸಿ. ಗೆದ್ದವನಿಗೆ ತಾನು ಹೇಗೆ ಗೆದ್ದೆನೆಂದು ನಿಜವಾಗಿ ಗೊತ್ತಿರುವುದಿಲ್ಲ. ಸೋತವನು ರಾತ್ರಿಯೆಲ್ಲ ಯೋಚಿಸಿರುತ್ತಾನೆ. ತಿಂಗಳಿಗೊಂದು ಆಗದಿದ್ದರೆ ಮೂರು ತಿಂಗಳಿಗೊಂದು ಮಾಡಿ, ಆದರೆ ಹೇಳಿದ ದಿನಕ್ಕೆ ತನ್ನಿ. ಹದಿನಾರು ಪುಟದ ಆಸೆ ಬೇಡ, ನಾಲ್ಕೇ ಪುಟ ಇರಲಿ. ಒಂದು ಪ್ರತಿಯನ್ನು ಊರಿನ ಗ್ರಂಥಾಲಯಕ್ಕೆ ಕೊಡಿ. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ.

ತಾರೀಖು, ಅಳತೆ, ಆಧಾರ, ತಿದ್ದುಪಡಿ, ಹೇಳಿದ ಹೊತ್ತಿಗೆ ಹೊರಡುವುದು, ಇವು ಯಾವುವೂ ತುರಾಯಿಯಂತೆ ಕಣ್ಣು ಕುಕ್ಕುವುದಿಲ್ಲ. ಇವು ಪತ್ರಿಕೆಯ ಎತ್ತುಗಳು. ಇವಿಲ್ಲದೆ ನಿಮ್ಮ ಬಣ್ಣದ ಮಾತುಗಳು ಅರಕೆರೆಯ ತನಕ ಬಂದು, ಕೋಟೆ ಕಾಣುತ್ತಿರುವಾಗಲೇ ನಿಂತುಬಿಡುತ್ತವೆ.

ಮುಂದಿನ ಭಾನುವಾರ ಬನ್ನಿ. ಹುಣಸೆ ಬೀಜ ತೊಳೆದು ಒಣಗಿಸಿ ಇಟ್ಟಿದ್ದೇನೆ, ಹದಿನೆಂಟು ಎಣಿಸಿ. ನಿನ್ನೆ ಸಂಜೆ ಕೆರೆಯ ಮಣ್ಣಿನಲ್ಲಿ ನಾನೂ ಒಂದು ಜೊತೆ ಎತ್ತು ಮಾಡಿದೆ. ಒಂದರ ಕೊಂಬು ಸ್ವಲ್ಪ ಸೊಟ್ಟಗಾಗಿದೆ, ನಗಬೇಡಿ. ಅದನ್ನು ದೊಡ್ಡ ತೋಪಿಗೆ ಕಟ್ಟಿ.